ತಲೆಗೆ ತಕ್ಕ ಶಿರಸ್ತ್ರಾಣ

ಮೋಟಾರು ಪಂದ್ಯವು ಶ್ರೀಮಂತರ ವಿನೋದವೆಂದು ಹೇಳಿ ಸುಮ್ಮನಾಗುವ ಕಾಲ ಕಳೆದುಹೋಯಿತು. ಬೆಂಗಳೂರು, ಮೈಸೂರು, ಚಿಕ್ಕಮಗಳೂರು, ಕೊಡಗು ಮೊದಲಾದ ಕಡೆಗಳಲ್ಲಿ ಮಧ್ಯಮ ವರ್ಗದ ಮನೆಗಳ ತರುಣ ತರುಣಿಯರು ಸಹ ಸಂಪಾದನೆಯಲ್ಲಿ ಉಳಿಸಿದ ಹಣದಿಂದ ಮೋಟಾರು ಸೈಕಲನ್ನೋ ಹಳೆಯ ಕಾರನ್ನೋ ಸಜ್ಜುಗೊಳಿಸಿ ಪಂದ್ಯಕ್ಕೆ ಹೊರಡುತ್ತಿದ್ದಾರೆ. ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನವರ ಕೆ-೧೦೦೦ ರ‍್ಯಾಲಿಯ ಹೆಸರನ್ನು ಈ ಕ್ರೀಡೆಯ ಪರಿಚಯವುಳ್ಳವರೆಲ್ಲರೂ ಬಲ್ಲರು. ಪಂದ್ಯಪಥದಲ್ಲಿಯೇ ವೇಗವನ್ನು ಪರೀಕ್ಷಿಸಬೇಕೆನ್ನುವವರು ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈಗೋ ಕೊಯಮತ್ತೂರಿಗೋ ಪ್ರಯಾಣ ಮಾಡುತ್ತಾರೆ. ಈ ಉತ್ಸಾಹವನ್ನು ನಾವು ಹಳಿಯುವವರಲ್ಲ. ಯಂತ್ರವನ್ನು ಬಲ್ಲ, ಭಯವನ್ನು ಗೆಲ್ಲಬಲ್ಲ ಯುವಕರು ಯಾವ ರಾಷ್ಟ್ರಕ್ಕಾದರೂ ಬೇಕಾದವರೇ.

ಆದರೆ ಸಾಹಸವೇ ಬೇರೆ, ಅಜಾಗರೂಕತೆಯೇ ಬೇರೆ. ೨೦೨೩ರ ಆಗಸ್ಟ್ ೫ರಂದು ಇರುಂಗಾಟ್ಟುಕೋಟ್ಟೈ ಪಂದ್ಯಪಥದಲ್ಲಿ ಬೆಂಗಳೂರಿನ ೧೩ ವರ್ಷದ ಬಾಲಕನೊಬ್ಬನು ಪಂದ್ಯದ ನಡುವೆ ಬಿದ್ದು, ತಲೆಗೆ ಪೆಟ್ಟಾಗಿ ಅಸುನೀಗಿದ ವಾರ್ತೆಯನ್ನು ವಾಚಕರು ಮರೆತಿರಲಾರರು. ಆ ಮನೆಯವರ ದುಃಖವನ್ನು ಕೆದಕುವುದಾಗಲಿ, ಯಾರ ಮೇಲಾದರೂ ದೋಷವನ್ನು ಹೊರಿಸುವುದಾಗಲಿ ನಮ್ಮ ಉದ್ದೇಶವಲ್ಲ. ಎಲ್ಲ ಪೆಟ್ಟುಗಳನ್ನೂ ತಡೆಯಬಲ್ಲ ಶಿರಸ್ತ್ರಾಣವು ಪ್ರಪಂಚದಲ್ಲಿ ಇಲ್ಲ. ಆದರೂ ಈ ಕ್ರೀಡೆಯಲ್ಲಿ ಪಣಕ್ಕೆ ಬೀಳುವ ವಸ್ತು ಯಾವುದೆಂಬುದನ್ನು ಆ ದುರಂತವು ನಮಗೆ ಕಾಣಿಸಿಕೊಟ್ಟಿತು. ವೃತ್ತಿಯ ಪಂದ್ಯಗಾರನಿಗೆ ಅವನ ತಂಡವೂ ತಜ್ಞರೂ ಬೆಂಬಲವಾಗಿರುತ್ತಾರೆ. ಹವ್ಯಾಸಿಯಾದರೋ ತನ್ನ ತಲೆಗೆ ತಾನೇ ಹೊಣೆ. ಆದುದರಿಂದ ಹೆಲ್ಮೆಟ್ಟೆಂದು ಎಲ್ಲರೂ ಕರೆಯುವ ಈ ಸಾಧನವನ್ನು ಆರಿಸುವ ಕ್ರಮವನ್ನು ಕುರಿತು ನಾಲ್ಕು ಮಾತು ಬರೆಯುವುದು ಉಚಿತವೆಂದು ತಿಳಿದಿದ್ದೇವೆ.

ಶಿರಸ್ತ್ರಾಣದ ಚರಿತ್ರೆಯು ಪ್ರಾಣಹಾನಿಯಿಂದ ಕಲಿತ ಪಾಠಗಳ ಚರಿತ್ರೆಯೇ ಆಗಿದೆ. ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್ ಪಂದ್ಯಪಥದಲ್ಲಿ ವೈದ್ಯರಾಗಿದ್ದ ಎರಿಕ್ ಗಾರ್ಡ್‌ನರ್ ಎಂಬವರು, ತಲೆಯೊಡೆದುಕೊಂಡ ಸವಾರರನ್ನು ಕಂಡು ಮರುಗಿ, ಅರಗು ಹಚ್ಚಿ ಬಿರುಸುಗೊಳಿಸಿದ ಕ್ಯಾನ್ವಾಸ್ ಟೋಪಿಯನ್ನು ಮಾಡಿಸಿದರು. ೧೯೧೪ರಲ್ಲಿ ಐಲ್ ಆಫ್ ಮ್ಯಾನ್ ದ್ವೀಪದ ಪಂದ್ಯದಲ್ಲಿ ಅದು ಕಡ್ಡಾಯವಾಯಿತು. ೧೯೩೫ರಲ್ಲಿ ಅರೇಬಿಯದ ಲಾರೆನ್ಸನೆಂದು ಹೆಸರಾದ ಟಿ. ಇ. ಲಾರೆನ್ಸನು ಬರಿದಲೆಯಲ್ಲಿ ಮೋಟಾರು ಸೈಕಲಿನಿಂದ ಬಿದ್ದು ಮಡಿದಾಗ ಚಿಕಿತ್ಸೆಗೆ ಬಂದಿದ್ದವರಲ್ಲಿ ಒಬ್ಬರಾದ ಹ್ಯೂ ಕೇರ್ನ್ಸ್ ಎಂಬ ಮಿದುಳಿನ ಶಸ್ತ್ರವೈದ್ಯರು, ೧೯೪೧ರಲ್ಲಿ ಸವಾರರ ತಲೆಪೆಟ್ಟುಗಳನ್ನು ಕುರಿತು ಲೇಖನ ಬರೆದು ಶಿರಸ್ತ್ರಾಣದ ಉಪಯೋಗವನ್ನು ಸಾಧಾರವಾಗಿ ತೋರಿಸಿಕೊಟ್ಟರು. ಆದರೆ ನಮ್ಮ ವಿಷಯಕ್ಕೆ ಎಲ್ಲಕ್ಕಿಂತ ಹತ್ತಿರವಾದದ್ದು ೧೯೫೬ರ ಘಟನೆ. ಆ ವರ್ಷ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಪೀಟ್ ಸ್ನೆಲ್ ಎಂಬ ಹವ್ಯಾಸಿ ಕಾರುಪಂದ್ಯಗಾರನು, ಶಿರಸ್ತ್ರಾಣವನ್ನು ಧರಿಸಿದ್ದರೂ ಅದು ಅವನ ತಲೆಯನ್ನು ಕಾಯಲಾರದೆ ಹೋದುದರಿಂದ, ಮೃತನಾದನು. ಜಾರ್ಜ್ ಸ್ನೈವ್ಲಿ ಎಂಬ ವೈದ್ಯರೂ ಮೃತನ ಇತರ ಸ್ನೇಹಿತರೂ ಸೇರಿ ೧೯೫೭ರಲ್ಲಿ ಅವನ ಹೆಸರಿನಲ್ಲಿಯೇ ಶಿರಸ್ತ್ರಾಣಗಳ ಪರೀಕ್ಷೆಗಾಗಿ ಒಂದು ಪ್ರತಿಷ್ಠಾನವನ್ನು ಸ್ಥಾಪಿಸಿದರು. ಇಂದು ಅನೇಕ ಪಂದ್ಯದ ಶಿರಸ್ತ್ರಾಣಗಳ ಒಳಗೆ ಕಾಣುವ ಸ್ನೆಲ್ ಮುದ್ರೆಯು ಆ ಹವ್ಯಾಸಿಯ ಸ್ಮಾರಕ. ತಲೆಯ ಮೇಲೆ ಏನೋ ಒಂದು ಇದ್ದರೆ ಸಾಕೆಂಬ ನಂಬಿಕೆಯು ಅಂದಿಗೇ ಸುಳ್ಳಾಯಿತು.

ಶಿರಸ್ತ್ರಾಣವು ಕೆಲಸ ಮಾಡುವ ಬಗೆಯನ್ನು ತಿಳಿದರೆ ಆರಿಸುವ ಬಗೆಯು ತಾನಾಗಿ ತಿಳಿಯುತ್ತದೆ. ಗಟ್ಟಿಯಾದ ಹೊರಚಿಪ್ಪೇ ತಲೆಯನ್ನು ಕಾಯುತ್ತದೆಂದು ಹಲವರ ಭಾವನೆ. ಚಿಪ್ಪು ಪೆಟ್ಟನ್ನು ಹರಡುತ್ತದೆ, ಚೂಪಾದ ವಸ್ತುವನ್ನು ತಡೆಯುತ್ತದೆ, ನಿಜ. ಆದರೆ ಪೆಟ್ಟಿನ ಬಲವನ್ನು ನುಂಗುವುದು ಅದರೊಳಗಿನ ಥರ್ಮೋಕೋಲಿನ ಜಾತಿಯ ಪದರವೇ. ತಲೆಯು ಒಮ್ಮೆಗೇ ನಿಲ್ಲದಂತೆ ಅದು ತಾನು ನಜ್ಜುಗುಜ್ಜಾಗಿ, ಮಿದುಳಿಗೆ ನಿಲ್ಲಲು ಸ್ವಲ್ಪ ದೂರವನ್ನು ಒದಗಿಸಿಕೊಡುತ್ತದೆ. ಹೀಗೆ ಒಮ್ಮೆ ನಜ್ಜಾದದ್ದು ಮತ್ತೆ ಉಬ್ಬುವುದಿಲ್ಲ. ಹೊರಗೆ ಬಣ್ಣವು ಹೊಳೆಯುತ್ತಿದ್ದರೂ ಅಪಘಾತದಲ್ಲಿ ಪೆಟ್ಟು ತಿಂದ ಶಿರಸ್ತ್ರಾಣವು ಸತ್ತ ಶಿರಸ್ತ್ರಾಣವೇ. ಆದುದರಿಂದಲೇ ಇನ್ನೊಬ್ಬನು ಉಪಯೋಗಿಸಿದ್ದನ್ನು ಅಗ್ಗವೆಂದು ಕೊಳ್ಳಕೂಡದು. ಅದರ ಪೂರ್ವೋತ್ತರವನ್ನು ಬಲ್ಲವರಾರು?

ಇನ್ನು ಮುದ್ರೆಯ ವಿಚಾರ. ಭಾರತದ ರಸ್ತೆಯಲ್ಲಿ ದ್ವಿಚಕ್ರ ಸವಾರನಿಗೆ ಐ.ಎಸ್. ೪೧೫೧ ಎಂಬ ನಮ್ಮ ಮಾನಕದ ಐ.ಎಸ್.ಐ. ಮುದ್ರೆ ಬೇಕು, ೨೦೨೧ರ ಜೂನ್ ೧ರಿಂದ ಅದು ಇಲ್ಲದವನ್ನು ತಯಾರಿಸುವುದಕ್ಕೂ ಮಾರುವುದಕ್ಕೂ ನಿಷೇಧವಿದೆ. ಪಂದ್ಯದ ಅಗತ್ಯವು ಇದಕ್ಕಿಂತ ಬೇರೆಯಾದದ್ದು. ಕಾರಿನಲ್ಲಿ ಕುಳಿತವನ ತಲೆಯು ರಕ್ಷಾಪಂಜರದ ಕಬ್ಬಿಣದ ಕೊಳವೆಗೆ ಬಡಿಯಬಹುದು, ಬೆಂಕಿಯೂ ತಗುಲಬಹುದು. ಆ ಕಾರಣ ಸ್ನೆಲ್ ಪ್ರತಿಷ್ಠಾನದ ಎಸ್.ಎ. ವರ್ಗದಲ್ಲಿ ಆ ಬಗೆಯ ಪೆಟ್ಟಿಗೂ ಬೆಂಕಿಗೂ ಪರೀಕ್ಷೆಯಿದೆ. ಮೋಟಾರು ಸೈಕಲಿನವರ ಎಂ. ವರ್ಗದಲ್ಲಿ ಬೆಂಕಿಯ ಪರೀಕ್ಷೆಯಿಲ್ಲ. ಬೆಲೆಬಾಳುವ ಮೋಟಾರು ಸೈಕಲ್ ಶಿರಸ್ತ್ರಾಣವನ್ನು ಧರಿಸಿ ಕಾರುಪಂದ್ಯಕ್ಕೆ ಹೋಗುವವನು ಹಣವನ್ನೂ ಕಳೆದುಕೊಂಡು ರಕ್ಷಣೆಯನ್ನೂ ಕಳೆದುಕೊಳ್ಳುತ್ತಾನೆ. ಕಾರ್ಟ್ ಓಡಿಸುವ ಮಕ್ಕಳಿಗಾಗಿ, ಅವರ ಎಳೆಯ ಕತ್ತಿಗೆ ಭಾರವಾಗದಂತೆ, ಸಿ.ಎಂ.ಆರ್. ಎಂಬ ಪ್ರತ್ಯೇಕ ವರ್ಗವೇ ಉಂಟು. ದೊಡ್ಡವರ ಶಿರಸ್ತ್ರಾಣಕ್ಕೆ ಬಟ್ಟೆ ತುರುಕಿ ಮಗುವಿನ ತಲೆಗೆ ಹಾಕುವುದು ಮಹಾಪರಾಧ. ಐರೋಪ್ಯ ಮಾನಕವಾದ ಇ.ಸಿ.ಇ. ೨೨.೦೬ ಎಂಬುದು ಓರೆಯಾದ ಪೆಟ್ಟಿನಿಂದ ತಲೆ ತಿರುಚಿಕೊಳ್ಳುವುದನ್ನೂ ಅಳೆಯುವುದರಿಂದ ಹಿಂದಿನದಕ್ಕಿಂತ ಮೇಲಾದದ್ದು. ಯಾವ ಪಂದ್ಯಕ್ಕೆ ಯಾವ ಮುದ್ರೆ ಸಲ್ಲುವುದೆಂಬುದನ್ನು ಆಯಾ ವರ್ಷದ ನಿಯಮಾವಳಿಯಲ್ಲಿ ಓದಿಕೊಂಡ ಮೇಲೆಯೇ ಹಣದ ಚೀಲವನ್ನು ಬಿಚ್ಚತಕ್ಕದ್ದು.

ಕಾರಿನವರು ಮತ್ತೊಂದನ್ನು ಗಮನಿಸಬೇಕು. ಪಟ್ಟಿಗಳು ಮೈಯನ್ನು ಹಿಡಿದಿಟ್ಟರೂ ಡಿಕ್ಕಿಯಲ್ಲಿ ತಲೆಯು ಮುಂದಕ್ಕೆ ಚಿಮ್ಮಿ, ಬುರುಡೆಯ ಬುಡವೇ ಮುರಿಯುವುದುಂಟು. ೨೦೦೧ರಲ್ಲಿ ಅಮೆರಿಕದ ಪ್ರಖ್ಯಾತ ಪಂದ್ಯಗಾರ ಡೇಲ್ ಅರ್ನ್‌ಹಾರ್ಟ್ ಮಡಿದದ್ದು ಇಂಥ ಪೆಟ್ಟಿನಿಂದ. ಇದನ್ನು ತಡೆಯಲು ರಾಬರ್ಟ್ ಹಬ್ಬರ್ಡ್ ಎಂಬ ಪ್ರಾಧ್ಯಾಪಕರು ನಿರ್ಮಿಸಿದ ಹ್ಯಾನ್ಸ್ ಎಂಬ ಕತ್ತಿನ ಸಾಧನವು ಹೆಗಲ ಮೇಲೆ ಕುಳಿತು ಶಿರಸ್ತ್ರಾಣವನ್ನು ಹಿಡಿದುಕೊಳ್ಳುತ್ತದೆ. ಅದರ ಕೊಂಡಿಗಳಿಗೆ ಎಡೆಯಿರುವ ಶಿರಸ್ತ್ರಾಣವನ್ನೇ ಕೊಳ್ಳುವುದು ಲೇಸು. ಮನೆಯಲ್ಲಿ ಚಿಪ್ಪಿಗೆ ರಂಧ್ರ ಕೊರೆಯುವುದು ಸಲ್ಲದು.

ಮುದ್ರೆಯು ಸರಿಯಾಗಿದ್ದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಮುದ್ರೆಯು ಶಿರಸ್ತ್ರಾಣಕ್ಕೆ ಸಾಕ್ಷಿ ನುಡಿಯುತ್ತದೆಯೇ ಹೊರತು ನಿಮ್ಮ ತಲೆಗೆ ಅದು ಒಪ್ಪುತ್ತದೆಂದು ನುಡಿಯುವುದಿಲ್ಲ. ಪ್ರಯೋಗಶಾಲೆಯಲ್ಲಿ ಅದನ್ನು ಅಳತೆಗೆ ಸರಿಹೊಂದುವ ಕೃತಕ ತಲೆಗೆ ತೊಡಿಸಿ ಪರೀಕ್ಷಿಸುತ್ತಾರೆ. ಸಡಿಲವಾದದ್ದನ್ನು ತೊಟ್ಟವನಿಗೆ ಆ ಪರೀಕ್ಷೆಯ ಫಲವು ದಕ್ಕುವುದಿಲ್ಲ. ಬಟ್ಟೆಯ ಅಳತೆಪಟ್ಟಿಯನ್ನು ಹುಬ್ಬಿನಿಂದ ಒಂದು ಅಂಗುಲ ಮೇಲೆ, ಕಿವಿಗಳ ಮೇಲ್ಗಡೆಯಾಗಿ, ಹಿಂದಲೆಯ ಉಬ್ಬನ್ನು ಬಳಸಿಕೊಂಡು ಸುತ್ತಿ, ಎರಡು ಮೂರು ಸಲ ಅಳೆದು, ಎಲ್ಲಕ್ಕಿಂತ ದೊಡ್ಡ ಅಳತೆಯನ್ನು ಹಿಡಿಯಬೇಕು. ಇದಿಷ್ಟೇ ಸಾಲದು. ಸುತ್ತಳತೆ ಒಂದೇ ಆಗಿದ್ದರೂ ಒಬ್ಬನ ತಲೆ ನೀಳ, ಮತ್ತೊಬ್ಬನದು ಗುಂಡು. ಚಪ್ಪಲಿಯ ನಂಬರು ಒಂದಾದರೂ ಪಾದದ ಅಗಲ ಬೇರೆಯಾಗುವಂತೆ. ತಯಾರಕರ ಅಚ್ಚುಗಳೂ ಬೇರೆ ಬೇರೆಯೇ. ಆದುದರಿಂದ ಹಣೆಯಲ್ಲಿ ಒತ್ತಿ ಪಕ್ಕದಲ್ಲಿ ಜಾಗ ಬಿಟ್ಟರೆ, ಅಥವಾ ಕಪಾಲದ ಪಕ್ಕಗಳಲ್ಲಿ ಹಿಸುಕಿ ಹಿಂದೆಮುಂದೆ ಸಡಿಲವಾದರೆ, ದೊಡ್ಡ ಅಳತೆಯನ್ನಲ್ಲ, ಬೇರೆ ಆಕಾರದ್ದನ್ನು ಕೇಳಬೇಕು.

ತೊಟ್ಟು ನೋಡುವಾಗ ಗದ್ದದ ಪಟ್ಟಿಗಳನ್ನು ಎರಡು ಕಡೆಗೂ ಎಳೆದು ಹಿಡಿದು ತೊಡಬೇಕು. ಕೆನ್ನೆಯ ಮೆತ್ತೆಗಳು ಕೆನ್ನೆಯನ್ನು ಒತ್ತಿಕೊಂಡಿರಬೇಕು. ಎರಡು ಕೈಗಳಿಂದ ಶಿರಸ್ತ್ರಾಣವನ್ನು ಹಿಡಿದು ಎಡಬಲಕ್ಕೂ ಮೇಲೆಕೆಳಗೂ ಅಲುಗಿಸಿದರೆ ಅದರೊಡನೆ ಹಣೆಯ ಚರ್ಮವೂ ಅಲುಗಬೇಕು. ಅದು ಮಾತ್ರ ಜಾರಿದರೆ ದೊಡ್ಡದಾಯಿತೆಂದು ತಿಳಿಯಬೇಕು. ಅನಂತರ ಪಟ್ಟಿಯನ್ನು ಗಂಟಲಿಗೆ ಒತ್ತುವಂತೆ ಬಿಗಿದು, ತಲೆಯನ್ನು ಬಗ್ಗಿಸಿ, ಸ್ನೇಹಿತನೊಬ್ಬನು ಹಿಂದಲೆಯ ಅಂಚನ್ನು ಹಿಡಿದು ಮುಂದಕ್ಕೆ ಉರುಳಿಸಲಿ. ಕಳಚಿ ಬರುವುದಾದರೆ ಬೆಲೆ ಎಷ್ಟೇ ಇರಲಿ, ಅದನ್ನು ಅಂಗಡಿಯಲ್ಲಿಯೇ ಬಿಟ್ಟು ಬರುವುದು ಕ್ಷೇಮ. ಪಟ್ಟಿಯನ್ನು ಬಿಗಿಯುವ ಎರಡು ಉಂಗುರಗಳ ಕ್ರಮವನ್ನು ಕೈ ಮರೆಯದಷ್ಟು ಅಭ್ಯಾಸ ಮಾಡಬೇಕು. ಬಿಗಿಯದ ಶಿರಸ್ತ್ರಾಣವು ತೊಡದ ಶಿರಸ್ತ್ರಾಣಕ್ಕೆ ಸಮ.

ಕೊನೆಗೆ ಅರ್ಧ ಗಂಟೆ ಅದನ್ನು ತೊಟ್ಟುಕೊಂಡೇ ಕುಳಿತಿರಿ. ಅಂಗಡಿಯವರು ಬೇಸರಪಟ್ಟರೆ ಪಡಲಿ. ಒಂದೇ ಚುಕ್ಕೆಯಲ್ಲಿ ನೋವಾದರೆ, ಕಳಚಿದಾಗ ಹಣೆಯಲ್ಲಿ ಕೆಂಪು ಗುರುತು ಕಂಡರೆ, ಅದು ನಿಮ್ಮದಲ್ಲ. ಸುತ್ತಲೂ ಸಮನಾಗಿ ಬಿಗಿಯಾದರೆ ಹೆದರಬೇಕಾಗಿಲ್ಲ. ಮೆತ್ತೆಯು ಬಳಕೆಯಿಂದ ಸ್ವಲ್ಪ ಅಮರುವುದು ಸಹಜ. ಕನ್ನಡಕ ಧರಿಸುವವರು ಕನ್ನಡಕದೊಡನೆ, ಕಾರಿನವರು ಬೆಂಕಿ ತಾಗದ ಒಳಮುಸುಕಿನೊಡನೆ ಪರೀಕ್ಷಿಸತಕ್ಕದ್ದು. ಕೊಂಡ ಮೇಲೆ ಪೆಟ್ರೋಲಿನ ಆವಿ, ಬಣ್ಣ, ಬಿಸಿಲುಗಳಿಂದ ಅದನ್ನು ದೂರವಿಡಬೇಕು. ಐದು ವರ್ಷಗಳಿಗೊಮ್ಮೆ ಬದಲಾಯಿಸುವುದು ಲೇಸೆಂದು ಸ್ನೆಲ್ ಪ್ರತಿಷ್ಠಾನದ ಸಲಹೆ.

ವಿದೇಶದ ಮುದ್ರೆಗಳನ್ನು ಹೊಗಳುವುದು ಸ್ವದೇಶಾಭಿಮಾನಕ್ಕೆ ಕುಂದಲ್ಲವೇ ಎಂದು ಕೆಲವರು ಕೇಳಬಹುದು. ಕಳಪೆಯಾದದ್ದನ್ನು ನಮ್ಮದೆಂಬ ಕಾರಣಕ್ಕೆ ತಲೆಗೇರಿಸುವುದು ಸ್ವದೇಶಿಯಲ್ಲ. ನಮ್ಮ ದೇಶದ ಕೆಲವು ಕಾರ್ಖಾನೆಗಳು ಐರೋಪ್ಯ ಮಾನಕದ ಶಿರಸ್ತ್ರಾಣಗಳನ್ನು ಈಗಾಗಲೇ ತಯಾರಿಸುತ್ತಿವೆ. ಕೌಶಲವು ನಮ್ಮಲ್ಲಿ ಇದೆಯೆಂಬುದಕ್ಕೆ ಇದೇ ಪ್ರಮಾಣ. ದ್ವಿಚಕ್ರ ವಾಹನಗಳಿಗೆ ಪ್ರಪಂಚದಲ್ಲೇ ದೊಡ್ಡ ಮಾರುಕಟ್ಟೆಯಾದ ಭಾರತವು, ಪಂದ್ಯಗಾರರಿಗೆ ಬೇಕಾದ ಎಲ್ಲ ವರ್ಗಗಳನ್ನೂ ಸಾಮಾನ್ಯನ ಕೈಗೆಟಕುವ ಬೆಲೆಯಲ್ಲಿ ಒದಗಿಸುವಂತಾಗಬೇಕು. ಇತ್ತ ಬೀದಿಬದಿಯಲ್ಲಿ ಸುಳ್ಳು ಐ.ಎಸ್.ಐ. ಮುದ್ರೆಯೊತ್ತಿ ಮಾರುವವರನ್ನು ಅಧಿಕಾರಿಗಳು ಕನಿಕರವಿಲ್ಲದೆ ಶಿಕ್ಷಿಸಬೇಕು. ಅದು ವ್ಯಾಪಾರದ ಮೋಸ ಮಾತ್ರವಲ್ಲ, ಪ್ರಾಣದ ಮೋಸ.

ಪಂದ್ಯ ನಡೆಸುವ ಕ್ಲಬ್ಬುಗಳಿಗೂ ನಮ್ಮದೊಂದು ವಿನಂತಿ. ವಾಹನ ಪರಿಶೀಲನೆಯ ಸಮಯದಲ್ಲಿ ಮುದ್ರೆಯ ಚೀಟಿಯನ್ನು ನೋಡಿ ಕಳುಹಿಸಿದರೆ ಸಾಲದು. ಪ್ರತಿಯೊಬ್ಬನೂ ಶಿರಸ್ತ್ರಾಣವನ್ನು ಧರಿಸಿ ನಿಲ್ಲಲಿ, ಹಿಂದಿನಿಂದ ಹಿಡಿದು ಉರುಳಿಸಿ ನೋಡಲಿ. ಇದಕ್ಕೆ ಒಂದು ನಿಮಿಷ ಸಾಕು, ಖರ್ಚು ಏನೂ ಇಲ್ಲ. ಮಕ್ಕಳನ್ನು ಪಂದ್ಯಕ್ಕೆ ಕಳುಹಿಸುವ ತಂದೆತಾಯಿಗಳು, ಯಂತ್ರದ ಚಕ್ರಕ್ಕೂ ಬಣ್ಣಕ್ಕೂ ಹಣ ಸುರಿಯುವ ಮೊದಲು ತಲೆಯ ಬಾಬ್ತನ್ನು ತೀರಿಸಲಿ. ನಮ್ಮ ನಾಡಿನ ತರುಣರು ವೇಗದಲ್ಲಿ ಯಾರಿಗೂ ಹಿಂದೆ ಬೀಳದಿರಲಿ, ಪ್ರತಿ ಪಂದ್ಯದಿಂದಲೂ ಸುರಕ್ಷಿತವಾಗಿ ಮನೆಗೆ ಹಿಂದಿರುಗಲಿ ಎಂಬುದೇ ನಮ್ಮ ಹಾರೈಕೆ.