ಡಬ್ಬಿ ಔಷಧ, ನೀಲಿ ಹೊಗೆ

3 ಲಕ್ಷ ಕಿಲೋಮೀಟರ್ ಓಡಿದ ಪಿಕಪ್ ಗಾಡಿ ನೀಲಿ ಹೊಗೆ ಬಿಟ್ಟರೆ ಮಾಲೀಕರು ಮೊದಲು ಓಡುವುದು ಬಿಡಿಭಾಗದ ಅಂಗಡಿಗೆ. “ಇದೊಂದು ಡಬ್ಬಿ ಆಯಿಲ್‌ಗೆ ಹಾಕ್ರೀ, ಇಂಜಿನ್ ಹೊಸದಾಗುತ್ತೆ” ಅಂತಾರೆ.

ಆಗೋಲ್ಲ ಸ್ವಾಮಿ! ನೀಲಿ ಹೊಗೆ ಎಂದರೆ ಇಂಜಿನ್ ಆಯಿಲ್ ಉರಿಯುತ್ತಿದೆ ಎಂದರ್ಥ. ಸವೆದ ಪಿಸ್ಟನ್ ರಿಂಗಿಗೆ ಯಾವ ಡಬ್ಬಿಯೂ ಲೋಹ ತುಂಬದು. ಆಯಿಲ್ ಮಂದವಾಗಿ ಹೊಗೆ ಕೆಲವು ದಿನ ಅಡಗೀತು, ಅಷ್ಟೆ. (ಕಪ್ಪು ಹೊಗೆಯ ಮಾತು ಬೇರೆ. ಡೀಸೆಲ್‌ಗೆ ಹಾಕುವ ಇಂಜೆಕ್ಟರ್ ಕ್ಲೀನರ್ ಕೊಂಚ ಉಪಯೋಗಕ್ಕೆ ಬಂದೀತು. ಮೊದಲು ಏರ್ ಫಿಲ್ಟರ್ ನೋಡಿ.)

ಹಳೇ ಗಾಡಿ ಮಾರುವವರಿಗೆ ಆ ಕೆಲವು ದಿನವೇ ಸಾಕು! ಸಾಲ ಮಾಡಿ ಕೊಳ್ಳುವ ತರಕಾರಿ ವ್ಯಾಪಾರಿಗಳು ಬೆಳಿಗ್ಗೆ ತಣ್ಣಗಿರುವ ಇಂಜಿನನ್ನು ಕಣ್ಣೆದುರೇ ಸ್ಟಾರ್ಟ್ ಮಾಡಿಸಲಿ. ಆಯಿಲ್ ತುಂಬುವ ಮುಚ್ಚಳದಿಂದ ಬುಸುಬುಸು ಹೊಗೆ ಬಂದರೆ ರಿಂಗ್ ಸವೆದಿರುವ ಅನುಮಾನ. ಮೆಕ್ಯಾನಿಕ್ ಕೈಲಿ ಕಂಪ್ರೆಷನ್ ಅಳೆಸಿದ ಮೇಲೇ ಮುಂಗಡದ ಮಾತು.