ಕರಿಯ ನಿಂತ ಕಡೆ ನೋಡಿ

ಕಂಪನಿ ಬಸ್ಸುಗಳ ಸಾಲು ಶುರುವಾಗುವ ಮೊದಲು ದೊಡ್ಡತೋಗೂರಿನ ಹಿಂದಿನ ರಸ್ತೆಗಳು ಒಂದು ಗಂಟೆ ಹೊತ್ತು ನಮ್ಮವೇ. ನಾವು ಅಂದರೆ ನಾನು, ಕರಿಯ ಮತ್ತು ಪುಟ್ಟಿ. ಎರಡೂ ಬೀದಿಯಿಂದ ಮನೆಗೆ ಬಂದ ನಾಟಿ ನಾಯಿಗಳು. ಕಾಡುಪ್ರಾಣಿ ನೋಡಬೇಕೆಂದರೆ ನಮ್ಮ ಅಪಾರ್ಟ್‌ಮೆಂಟಿನವರು ಬನ್ನೇರುಘಟ್ಟಕ್ಕೆ ಹೋಗಿ ಟಿಕೆಟ್ ತೆಗೆಯುತ್ತಾರೆ. ಬೆಳಕು ಹರಿಯುವಾಗ ನಾಯಿ ಜೊತೆ ಕೆರೆಯ ಕಡೆ ನಡೆದು ನೋಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಒಂದೇ ಷರತ್ತು: ಬೆಲ್ಟು ನಿಮ್ಮ ಕೈಯಲ್ಲಿರಬೇಕು.

ನಮ್ಮ ಕಿವಿಗೆ ಹೆಚ್ಚೆಂದರೆ 20,000 ಹರ್ಟ್ಸ್‌ವರೆಗಿನ ಸದ್ದು ಕೇಳುತ್ತದೆ. ನಾಯಿಗೆ ಸುಮಾರು 45,000ದವರೆಗೆ. ಹುಲ್ಲಿನೊಳಗೆ ಇಲಿ ಕೀಚಿದರೂ ಅದಕ್ಕೆ ಗೊತ್ತು. ಮೂಗಿನ ಮಾತಂತೂ ಹೇಳುವುದೇ ಬೇಡ. ಬಿಟ್ಟ ನಾಯಿ ಓಡಿಹೋಗಿ ಎಲ್ಲವನ್ನೂ ಎಬ್ಬಿಸಿಬಿಡುತ್ತದೆ. ಹಿಡಿದ ನಾಯಿ ನಿಲ್ಲುತ್ತದೆ, ಅದರ ಕಿವಿ ತಿರುಗಿದ ಕಡೆ ನಾವು ನೋಡಬೇಕು, ಅಷ್ಟೇ. ಕರಿಯ ನೆಲ ಮೂಸುತ್ತಾ ರಾಜಕಾಲುವೆ ಕಡೆ ಎಳೆದರೆ ಆಗಷ್ಟೇ ಮುಂಗುಸಿ ದಾಟಿರುತ್ತದೆ. ಪುಟ್ಟಿ ಸರ್ರನೆ ಹಿಂದೆ ಸರಿದರೆ ಹಾವು. ಕೇರೆಯೋ ಕೊಳಕುಮಂಡಲವೋ ಅಂತ ಹತ್ತಿರ ಹೋಗಿ ಪರೀಕ್ಷೆ ಮಾಡಬೇಡಿ, ಬಂದ ದಾರಿಯಲ್ಲೇ ವಾಪಸ್ಸಾಗಿ.

ಕಳೆದ ಏಪ್ರಿಲ್‌ನಲ್ಲಿ ಜಲ್ಲಿ ಸುರಿದಿದ್ದ ಖಾಲಿ ಸೈಟೊಂದರ ಮುಂದೆ ಕರಿಯ ಮುಂಗಾಲೊಂದನ್ನು ಎತ್ತಿಕೊಂಡು ನಿಂತುಬಿಟ್ಟ. ತಲೆ ಮೇಲೆ ಟಿಟ್ಟಿಭ ಕಿರುಚುತ್ತಾ ಸುತ್ತು ಹಾಕುತ್ತಿತ್ತು. ನನಗೆ ಬರೀ ಜಲ್ಲಿಯೇ ಕಾಣುತ್ತಿತ್ತು. ಕಣ್ಣು ಹೊಂದಿಕೊಂಡ ಮೇಲೆ ನಾಲ್ಕು ಮೊಟ್ಟೆ ಕಂಡವು: ಮಣ್ಣಿನ ಬಣ್ಣ, ಮೇಲೆ ಕಪ್ಪು ಮಚ್ಚೆ, ಚೂಪು ತುದಿಗಳು ಒಳಮುಖವಾಗಿ. ಗೂಡು ಅಂತ ಏನೂ ಇಲ್ಲ, ನೆಲದಲ್ಲಿ ಬರೀ ಒಂದು ತಗ್ಗು.

“ಯಾಕಮ್ಮ ನಿಂತ್ಬಿಟ್ರಿ?” ಅಂತ ಕಾವಲಿನ ತಾತ ಬಂದರು. ತೋರಿಸಿದೆ. ಟೆಂಪೊ ಹತ್ತಬಾರದು ಅಂತ ಅವರೇ ಸ್ವಲ್ಪ ದೂರದಲ್ಲಿ ಸುತ್ತಲೂ ಇಟ್ಟಿಗೆ ಇಟ್ಟರು. ಕರಿಯನ ಬೆಲ್ಟು ಬಿಚ್ಚಿದ್ದರೆ ಆ ಮೊಟ್ಟೆಗಳು ಒಂದು ಕ್ಷಣವೂ ಉಳಿಯುತ್ತಿರಲಿಲ್ಲ.

ನಾಯಿಯ ಶೌರ್ಯಕ್ಕೆ ಕನ್ನಡ ನಾಡು ಕಲ್ಲು ನಿಲ್ಲಿಸಿ ಗೌರವಿಸಿದೆ. ಹಂದಿಯ ಜೊತೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯನ್ನು ನೆನೆಯುವ ಆತಕೂರಿನ ಕಲ್ಲು 949-50ರ ಕಾಲದ್ದು, ಈಗ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನೋಡಿದರೆ ಎದೆ ತುಂಬಿ ಬರುತ್ತದೆ. ಆದರೆ ಕಾಳಿಯ ಕಾಲದಲ್ಲಿ ಕಾಡು ದೊಡ್ಡದಿತ್ತು. ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ ಕಿಯೋನಿಕ್ಸ್ 1978ರಲ್ಲಿ ಎಲೆಕ್ಟ್ರಾನಿಕ್ ಸಿಟಿ ಶುರುಮಾಡಿದ ಮೇಲೆ ಇಲ್ಲಿ ಉಳಿದಿರುವುದು ಕೆರೆ, ಕಾಲುವೆ, ಪಾಳುಬಿದ್ದ ಸೈಟು, ಕಾಂಪೌಂಡಿನ ಸಂದಿ. ಬಿಸಿಲೇರಿದ ಮೇಲೆ ಆ ಕಾಂಪೌಂಡಿನ ಮೇಲೆ ಉಡ ಮೈ ಕಾಯಿಸಿಕೊಳ್ಳುತ್ತದೆ. ಅದಕ್ಕೆ ಹುಲಿಗಿರುವಷ್ಟೇ ರಕ್ಷಣೆಯನ್ನು ಕಾನೂನು ಕೊಟ್ಟಿದೆ.

ಚಿರತೆಯ ಮಾತೂ ಹೇಳಬೇಕು. 2023ರ ನವೆಂಬರ್ 1ರಂದು ಕೂಡ್ಲು ಬಳಿ ಸೆರೆಹಿಡಿಯುವ ಕಾರ್ಯಾಚರಣೆಯಲ್ಲಿ ಒಂದು ಚಿರತೆ ಸತ್ತಿತು. 2024ರ ಸೆಪ್ಟೆಂಬರ್‌ನಲ್ಲಿ ಎಲೆಕ್ಟ್ರಾನಿಕ್ ಸಿಟಿಯಲ್ಲೇ ಇನ್ನೊಂದು ಸಿಸಿಟಿವಿಯಲ್ಲಿ ಕಂಡಿತು. ಬನ್ನೇರುಘಟ್ಟದ ಕಾಡು ಇಲ್ಲಿಗೆ ದೂರವೇನಲ್ಲ, ನಾಯಿ ಚಿರತೆಗೆ ಇಷ್ಟದ ಬೇಟೆ. ಅದಕ್ಕೇ ಕತ್ತಲಿರುವಾಗ ನಾನು ಹೊರಡುವುದಿಲ್ಲ. ಪೊದೆ ಪಕ್ಕದ ಕಾಲುದಾರಿಯನ್ನೂ ಹಿಡಿಯುವುದಿಲ್ಲ.

ನಾಯಿಯಿಂದ ಕಾಡಿಗೂ ಅಪಾಯವಿದೆ. 2018ರಲ್ಲಿ ಗಿರ್‌ನಲ್ಲಿ ಸಿಂಹಗಳು ಸತ್ತಾಗ ಹಲವುಗಳಲ್ಲಿ ಪತ್ತೆಯಾದದ್ದು ಕೆನೈನ್ ಡಿಸ್ಟೆಂಪರ್, ನಾಯಿಗಳಲ್ಲಿ ಹರಡುವ ವೈರಸ್ಸು. ವಾಕಿಂಗ್ ಶುರುಮಾಡುವ ಮೊದಲು ನಾಯಿಗೆ ಡಿಸ್ಟೆಂಪರ್, ರೇಬಿಸ್ ಎರಡರ ಲಸಿಕೆಯನ್ನೂ ಹಾಕಿಸಿ. ಅದು ಮಾಡಿದ ಹೇಲನ್ನು ಎತ್ತಿಕೊಳ್ಳಲು ಒಂದು ಹಳೇ ಪೇಪರ್ ಜೊತೆಗಿರಲಿ, ಕೆರೆದಂಡೆಯಲ್ಲಂತೂ ಖಂಡಿತ.