ಕೈಯ ಸ್ಪರ್ಶವನ್ನು ಅಳೆಯಬಹುದು, ಕೈಯನ್ನು ಉಳಿಸಬಹುದು



ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳ ಅನೇಕ ಸಂಸಾರಗಳು ಕೈಯ ದುಡಿಮೆಯನ್ನೇ ನೆಚ್ಚಿಕೊಂಡಿವೆ. ಟೊಮೆಟೊ ಬಿಡಿಸುವುದು, ರೇಷ್ಮೆ ಹುಳುವಿಗೆ ಹಿಪ್ಪುನೇರಳೆ ಸೊಪ್ಪು ಕೊಯ್ಯುವುದು, ಹಾಲು ಕರೆಯುವುದು, ಮಾವಿನ ತೋಪಿನ ಕೆಲಸ, ಇಟ್ಟಿಗೆ ಗೂಡಿನ ಕೆಲಸ, ಒಲೆಯ ಮುಂದೆ ಮುದ್ದೆ ತಿರುವುವುದು ಇವೆಲ್ಲವೂ ಬೆರಳುಗಳ ಬಲದಿಂದಲೂ ಅವುಗಳ ಅರಿವಿನಿಂದಲೂ ನಡೆಯತಕ್ಕ ಕಾರ್ಯಗಳು. ಬಲ ಕುಂದಿದರೆ ಕೆಲಸವೇ ಅದನ್ನು ತಿಳಿಸುತ್ತದೆ. ಅರಿವು ಕುಂದಿದರೆ ಬೇಗ ತಿಳಿಯುವುದಿಲ್ಲ, ಏಕೆಂದರೆ ಅಲ್ಲಿ ನೋವೇ ಇರುವುದಿಲ್ಲ.

ಕೈ ಜೋಮು ಹಿಡಿಯಲು ಕಾರಣಗಳು

ಜೋಮು ಬಂದ ಕೈಗಳೆಲ್ಲ ಒಂದೇ ರೋಗದಿಂದ ಬಳಲುವುದಿಲ್ಲ. ಸಕ್ಕರೆ ಕಾಯಿಲೆ, ಮಣಿಕಟ್ಟಿನಲ್ಲಿ ನರ ಒತ್ತಿಕೊಳ್ಳುವುದು, ಪಾರ್ಶ್ವವಾಯು ಇವುಗಳಿಂದಲೂ ಸ್ಪರ್ಶಜ್ಞಾನ ಕುಗ್ಗುತ್ತದೆ. ಕುಷ್ಠರೋಗವು ಇನ್ನೊಂದು ಮುಖ್ಯ ಕಾರಣ. ಇದರ ರೋಗಾಣುವನ್ನು 1873ರಲ್ಲಿ ನಾರ್ವೆ ದೇಶದ ವೈದ್ಯ ಹ್ಯಾನ್ಸೆನ್ ಕಂಡುಹಿಡಿದರು. ಈ ರೋಗಾಣು ಚರ್ಮವನ್ನೂ ನರಗಳನ್ನೂ ಸೇರುತ್ತದೆ. ಮೊಣಕೈಯ ಒಳಬದಿಯಲ್ಲಿ ಹಾಯುವ ನರ ಕೆಟ್ಟರೆ ಕಿರುಬೆರಳು ಮತ್ತು ಉಂಗುರದ ಬೆರಳು ಮರಗಟ್ಟಿ, ಕ್ರಮೇಣ ಒಳಕ್ಕೆ ಬಾಗುತ್ತವೆ.

ಈ ರೋಗದಿಂದ ಬೆರಳುಗಳು ತಾವಾಗಿಯೇ ಕೊಳೆತು ಬೀಳುತ್ತವೆಂಬುದು ತಪ್ಪು ತಿಳಿವಳಿಕೆ. ಕೋಲಾರಕ್ಕೆ ಬಹು ದೂರವಲ್ಲದ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ 1946ರಲ್ಲಿ ಬಂದ ಶಸ್ತ್ರವೈದ್ಯ ಪಾಲ್ ಬ್ರಾಂಡ್ ಅವರು ಇದನ್ನು ವಿಚಾರಮಾಡಿ ನೋಡಿದರು. ನೋವರಿಯದ ಕೈ ಬಿಸಿ ಪಾತ್ರೆಯನ್ನು ಹಿಡಿಯುತ್ತದೆ, ಕುಡುಗೋಲಿನ ಹಿಡಿಯನ್ನು ಅಳತೆ ಮೀರಿ ಅದುಮುತ್ತದೆ, ಆದ ಗಾಯವನ್ನು ಕಡೆಗಣಿಸುತ್ತದೆ. ಬೆರಳು ಹಾಳಾಗುವುದು ಮುಖ್ಯವಾಗಿ ಹೀಗೆ ಎಂದು ಅವರು ತೋರಿಸಿಕೊಟ್ಟರು.

ಸ್ಪರ್ಶವನ್ನು ಅಳೆಯುವ ಬಗೆ

ಸ್ಪರ್ಶವನ್ನು ಅಳೆಯುವ ಸಾಧನ ಬಹಳ ಸರಳವಾದುದು. ಅದು ಹಿಡಿಗೆ ಕಟ್ಟಿದ ನೈಲಾನ್ ಎಳೆ. ಪ್ರತಿಯೊಂದು ಎಳೆಯೂ ಗೊತ್ತಾದ ಒತ್ತಡಕ್ಕೆ ಮಾತ್ರ ಬಾಗುವಂತೆ ತಯಾರಾಗಿರುತ್ತದೆ. ಪರೀಕ್ಷೆಗೆ ಒಳಗಾದವರು ಕಣ್ಣು ಮುಚ್ಚಿ ಅಂಗೈ ಚಾಚಬೇಕು; ಎಳೆ ತಾಕಿದ ಜಾಗವನ್ನು ಬೆರಳಿನಿಂದ ತೋರಿಸಬೇಕು. 2 ಗ್ರಾಂ ಒತ್ತಡದ ಎಳೆ ತಾಗಿದ್ದೂ ತಿಳಿಯದಿದ್ದರೆ, ಕೈಯನ್ನು ಕಾಪಾಡುವ ಅರಿವು ಕುಗ್ಗಿದೆಯೆಂದು ಅರ್ಥ. ಎಳೆ ದೊರೆಯದ ಕಡೆ ಆರೋಗ್ಯ ಕಾರ್ಯಕರ್ತರು ಬಾಲ್‌ಪೆನ್ನಿನ ತುದಿಯಿಂದ ಮೃದುವಾಗಿ ಮುಟ್ಟಿ ನೋಡುತ್ತಾರೆ.

ಕೈಯ ಹಿಡಿತದ ಬಲವನ್ನು ಕಿಲೋಗ್ರಾಂ ಲೆಕ್ಕದಲ್ಲಿ ತೋರಿಸುವ ಯಂತ್ರವೂ, ನರದಲ್ಲಿ ಸಂದೇಶ ಹರಿಯುವ ವೇಗವನ್ನು ಅಳೆಯುವ ಯಂತ್ರವೂ ಉಂಟು. ಬೆರಳು ಎಷ್ಟು ಬಾಗಿತು, ಎಷ್ಟು ಒತ್ತಿತು ಎಂಬುದನ್ನು ಸಂವೇದಕಗಳ ಮೂಲಕ ದಾಖಲಿಸುವ ಕೈಗವಸುಗಳು ಇಂದು ಬಂದಿವೆ. ಇವುಗಳಿಂದ ಆಗುವ ಲಾಭವೆಂದರೆ ಹೋಲಿಕೆ. ಕಳೆದ ತಿಂಗಳ ಅಂಕಿಯನ್ನೂ ಈ ತಿಂಗಳ ಅಂಕಿಯನ್ನೂ ಪಕ್ಕಪಕ್ಕದಲ್ಲಿಟ್ಟರೆ, ಕಣ್ಣಿಗೆ ಕಾಣದ ಇಳಿಮುಖವೂ ವೈದ್ಯರಿಗೆ ಗೊತ್ತಾಗುತ್ತದೆ. ನರ ಕೆಟ್ಟು 6 ತಿಂಗಳು ಕಳೆಯುವುದರೊಳಗೆ ಪ್ರೆಡ್ನಿಸೋಲೋನ್ ಚಿಕಿತ್ಸೆ ಆರಂಭವಾದರೆ ಅರಿವೂ ಬಲವೂ ಮರಳುವ ಸಾಧ್ಯತೆ ಹೆಚ್ಚು. ಆದುದರಿಂದಲೇ ಈ ಅಳತೆಗೆ ಇಷ್ಟು ಬೆಲೆ. ಈ ಔಷಧವನ್ನು ವೈದ್ಯರ ಸಲಹೆಯಿಲ್ಲದೆ ಸೇವಿಸಕೂಡದು.

ಯಂತ್ರ ಎಲ್ಲವನ್ನೂ ಮಾಡಲಾರದು

ಡಾ. ಬ್ರಾಂಡ್ ಅವರು ಮುಂದೆ ಅಮೆರಿಕದ ಕಾರ್ವಿಲ್ ಆಸ್ಪತ್ರೆಯಲ್ಲಿದ್ದಾಗ, ಒತ್ತಡ ಹೆಚ್ಚಾದ ಕೂಡಲೇ ಎಚ್ಚರಿಸುವ ಕೈಗವಸನ್ನು ತಮ್ಮ ಸಂಗಡಿಗರೊಡನೆ ಸಿದ್ಧಪಡಿಸಿದರು. ಆದರೆ ಕೆಲಸ ಮುಗಿಸುವ ಆತುರದಲ್ಲಿ ರೋಗಿಗಳು ಎಚ್ಚರಿಕೆಯನ್ನು ಲೆಕ್ಕಿಸಲಿಲ್ಲ, ಇಲ್ಲವೇ ಅದನ್ನು ನಿಲ್ಲಿಸಿಬಿಟ್ಟರು. ಕೊನೆಗೆ ಆ ಪ್ರಯತ್ನವನ್ನೇ ಕೈಬಿಡಬೇಕಾಯಿತು. ಸಾಧನವು ಸುದ್ದಿ ತಿಳಿಸಬಲ್ಲದು. ಕೈಯನ್ನು ಕಾಯುವವರು ಮನೆಯವರೇ.

ಮನೆಯಲ್ಲಿ ನೀವು ಮಾಡತಕ್ಕದ್ದು

ಪತಿ ಪತ್ನಿಯರು ಆಗಾಗ್ಗೆ ಹಗಲು ಬೆಳಕಿನಲ್ಲಿ ಪರಸ್ಪರರ ಕೈ, ಬೆನ್ನು ಮತ್ತು ಕಾಲುಗಳನ್ನು ನೋಡಿಕೊಳ್ಳಬೇಕು. ಅರಿವಿಲ್ಲದ ತಿಳಿಬಣ್ಣದ ಅಥವಾ ಕೆಂಪು ಮಚ್ಚೆ, ನೋವಿಲ್ಲದ ಬೊಬ್ಬೆ, ಗುಂಡಿ ಹಾಕಲಾಗದ ಬೆರಳು, ಬಾಗಿದ ಕಿರುಬೆರಳು ಕಂಡುಬಂದರೆ ಆಶಾ ಕಾರ್ಯಕರ್ತೆಗೆ ತಿಳಿಸಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಬೇಕು. ಮನೆಯಲ್ಲಿ ಸೂಜಿ ಚುಚ್ಚಿ, ಬಿಸಿ ತಾಗಿಸಿ ಪರೀಕ್ಷಿಸಕೂಡದು.

ಸ್ಪರ್ಶ ಕುಂದಿದವರು ಬಿಸಿ ಪಾತ್ರೆಯನ್ನು ದಪ್ಪ ಮಸಿಬಟ್ಟೆಯಿಂದಲೇ ಹಿಡಿಯಬೇಕು. ಗುದ್ದಲಿ, ಕುಡುಗೋಲುಗಳ ಹಿಡಿಗೆ ಬಟ್ಟೆ ಸುತ್ತಬೇಕು. ದಿನವೂ ಕೈಗಳನ್ನು ನೀರಿನಲ್ಲಿ ನೆನೆಸಿ ಎಣ್ಣೆ ಸವರಬೇಕು. ಮಲಗುವ ಮುನ್ನ ಗಾಯಗಳಿವೆಯೇ ಎಂದು ನೋಡಬೇಕು. ತಮಗೆ ಅರಿಯದ ಗಾಯ ಸಂಗಾತಿಯ ಕಣ್ಣಿಗೆ ಬೀಳುತ್ತದೆ.

ಭಯವೂ ಬೇಡ, ಮುಚ್ಚಿಡುವುದೂ ಬೇಡ

ಕುಷ್ಠರೋಗ ಶಾಪವಲ್ಲ, ವಂಶಪಾರಂಪರ್ಯವಾಗಿ ಬರುವುದೂ ಅಲ್ಲ. ಬಹುಮಂದಿಗೆ ಇದನ್ನು ತಡೆಯುವ ಶಕ್ತಿ ಸಹಜವಾಗಿಯೇ ಇರುತ್ತದೆ. ಬಹು ಔಷಧ ಚಿಕಿತ್ಸೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತ. ರೋಗದ ಬಗೆಗೆ ತಕ್ಕಂತೆ 6 ಅಥವಾ 12 ತಿಂಗಳು ಮಾತ್ರೆ ಸೇವಿಸಿದರೆ ರೋಗ ಗುಣವಾಗುತ್ತದೆ. ಚಿಕಿತ್ಸೆ ಆರಂಭವಾದ ಸ್ವಲ್ಪ ಕಾಲದಲ್ಲೇ ಸೋಂಕು ಹರಡುವುದು ನಿಲ್ಲುತ್ತದೆ. ಗರ್ಭಿಣಿಯರೂ ಮೊಲೆಯೂಡಿಸುವ ತಾಯಂದಿರೂ ವೈದ್ಯರ ಮೇಲ್ವಿಚಾರಣೆಯಲ್ಲಿ ಈ ಚಿಕಿತ್ಸೆ ಪಡೆಯಬಹುದು.

ಹಿಂದೆ ಈ ರೋಗವು ವಿವಾಹ ವಿಚ್ಛೇದನಕ್ಕೆ ಕಾನೂನಿನ ಪ್ರಕಾರ ಒಂದು ಕಾರಣವಾಗಿತ್ತು. 2019ರಲ್ಲಿ ಸಂಸತ್ತು ಹಿಂದೂ ವಿವಾಹ ಕಾಯ್ದೆ, ವಿಶೇಷ ವಿವಾಹ ಕಾಯ್ದೆ ಮೊದಲಾದವುಗಳಿಂದ ಆ ಕಾರಣವನ್ನು ತೆಗೆದುಹಾಕಿತು. ಗುಣವಾಗುವ ರೋಗಕ್ಕಾಗಿ ಸಂಸಾರ ಒಡೆಯಬೇಕಾಗಿಲ್ಲ. ಮಚ್ಚೆಯನ್ನು ಸೆರಗಿನಡಿ, ತೋಳಿನಡಿ ಮರೆಮಾಡಿದರೆ ಹೋಗುವುದು ಮಾನವಲ್ಲ, ಕೈ. ಒಬ್ಬರ ಕೈಯನ್ನು ಇನ್ನೊಬ್ಬರು ನೋಡಿಕೊಳ್ಳಿರಿ. ಸಂದೇಹ ಬಂದ ದಿನವೇ ಆರೋಗ್ಯ ಕೇಂದ್ರಕ್ಕೆ ಇಬ್ಬರೂ ಕೂಡಿ ಹೋಗಿರಿ.